ಊದಿದ ಮೂಗಿಗೆ ಊರು ಕೊಟ್ಟ ಕಾರಣ

ಯಾರಿಗಾದರೂ ಕಾಲು ಬಾತುಕೊಂಡರೆ, ಕಣ್ಣು ಕೆಂಪಾದರೆ, ಕತ್ತಿನಲ್ಲಿ ಗಂಟು ಕಾಣಿಸಿಕೊಂಡರೆ ನಮ್ಮಲ್ಲಿ ಎದುರಾದವರೆಲ್ಲ ನಿಂತು ವಿಚಾರಿಸುತ್ತಾರೆ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುತ್ತಾರೆ, ತಮಗೆ ಗೊತ್ತಿರುವ ನಾಟಿ ಔಷಧಿಯನ್ನಾದರೂ ಹೇಳಿ ಹೋಗುತ್ತಾರೆ. ನಡುವಯಸ್ಸು ದಾಟಿದ ಗಂಡಸೊಬ್ಬನ ಮೂಗು ಮಾತ್ರ ವರ್ಷದಿಂದ ವರ್ಷಕ್ಕೆ ಕೆಂಪಾಗಿ, ದಪ್ಪವಾಗಿ, ಗಂಟುಗಂಟಾಗಿ ಬೆಳೆಯುತ್ತ ಹೋದರೆ ಯಾರೂ ಏನನ್ನೂ ಕೇಳುವುದಿಲ್ಲ. ಕಾರಣ ತಮಗೆ ಗೊತ್ತೇ ಇದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಕುಡಿಯುತ್ತಾನೆ, ಅದಕ್ಕೇ ಹಾಗಾಗಿದೆ ಎಂಬುದು ಆ ಕಾರಣ. ನನ್ನ ದೊಡ್ಡಪ್ಪನ ಮೂಗಿನ ವಿಷಯದಲ್ಲಿ ಆದದ್ದೂ ಇದೇ. ಆ ಕಾಯಿಲೆಗೆ ರೈನೋಫೈಮಾ ಎಂಬ ಹೆಸರಿದೆ, ಅದು ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ಸಾಕಷ್ಟು ತಿಳಿವಳಿಕೆಯಿದೆ, ಸಾಕಷ್ಟು ಒಳ್ಳೆಯ ಚಿಕಿತ್ಸೆಯೂ ಇದೆ. ಆದರೂ ಚಿಕಿತ್ಸೆಯ ಬಾಗಿಲಿಗೆ ಹೋಗಲು ಅವರಿಗೆ ಹಿಡಿದ ಕಾಲವನ್ನು ನೆನೆದಾಗಲೆಲ್ಲ, ಕಾಯಿಲೆಗಿಂತ ಆ ಊಹೆಯೇ ಅವರಿಗೆ ಹೆಚ್ಚು ಕೆಡುಕು ಮಾಡಿತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದೊಡ್ಡಪ್ಪ ಸಾಗರದ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾಫಿಯ ಹೊರತು ಅವರಿಗೆ ಬೇರೆ ಅಭ್ಯಾಸವಿರಲಿಲ್ಲ. ನಲವತ್ತರ ಆಸುಪಾಸಿನಿಂದಲೇ ಬಿಸಿಲಿಗೆ ಹೋಗಿ ಬಂದರೆ, ಬಿಸಿ ಸಾರು ಉಂಡರೆ ಅವರ ಕೆನ್ನೆ ಮೂಗುಗಳಿಗೆ ಕೆಂಪು ಏರುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಉಷ್ಣವೆಂದರು, ದೊಡ್ಡಮ್ಮ ಮುರುಗಲು ಪಾನಕ ಮಾಡಿಕೊಟ್ಟರು. ಕೆಂಪು ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು, ಕೆಲವು ವರ್ಷಗಳಾದ ಮೇಲೆ ಇಳಿಯುವುದನ್ನೇ ಬಿಟ್ಟಿತು. ಆಮೇಲೆ ಮೂಗಿನ ತುದಿ ದಪ್ಪವಾಗತೊಡಗಿತು.

ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ದಿನ ನಾನು ಅಲ್ಲೇ ಇದ್ದೆ. ಉಪ್ಪಿಟ್ಟು, ಕೇಸರಿಬಾತು, ಮಾತು ಎಲ್ಲ ಚೆನ್ನಾಗಿಯೇ ಮುಗಿದಿತ್ತು. ಬಂದವರಲ್ಲಿ ಹಿರಿಯರೊಬ್ಬರು ನನ್ನ ಅಪ್ಪನನ್ನು ಜಗಲಿಯ ಮೂಲೆಗೆ ಕರೆದು, ದನಿ ತಗ್ಗಿಸಿ, "ನಿಮ್ಮ ಅಣ್ಣನವರಿಗೆ ಸಂಜೆ ಹೊತ್ತು ಸ್ವಲ್ಪ ಅಭ್ಯಾಸ ಇದೆಯಾ ಅಂತ... ತಪ್ಪು ತಿಳಿಯಬೇಡಿ, ಹುಡುಗನ ತಾಯಿ ಕೇಳಿದರು" ಎಂದರು. ಕೇಳಿದವರು ಕೆಟ್ಟವರಲ್ಲ, ಹೆಣ್ಣು ತರುವ ಮನೆಯವರು ವಿಚಾರಿಸುವುದನ್ನೇ ವಿಚಾರಿಸಿದ್ದರು. ಆ ಹೊತ್ತಿಗೆ ದೊಡ್ಡಪ್ಪ ಕವಳದ ಹರಿವಾಣ ಹಿಡಿದು ಬಾಗಿಲಿನಲ್ಲಿ ನಿಂತಿದ್ದರು. ಅಪ್ಪ ಏನು ಉತ್ತರ ಕೊಟ್ಟರೋ ನನಗೆ ನೆನಪಿಲ್ಲ. ದೊಡ್ಡಪ್ಪ ಹರಿವಾಣವನ್ನು ಬಂದವರ ಮುಂದೆ ಇಟ್ಟು, ಎಲೆ ಅಡಿಕೆಯನ್ನು ಒಬ್ಬೊಬ್ಬರ ಕಡೆಗೂ ಸರಿಸಿ, ಒಳಗೆ ಹೋದವರು ಅವರು ಹೊರಡುವ ತನಕ ಹೊರಗೆ ಬರಲಿಲ್ಲ. ಆ ಸಂಬಂಧ ಕೂಡಿಬಂತು, ಮದುವೆಯೂ ಆಯಿತು. ಆದರೆ ಅಂದಿನಿಂದ ಅವರು ಪಂಕ್ತಿಯಲ್ಲಿ ಕೊನೆಗೆ ಕೂರುವವರಾದರು, ಫೋಟೋ ತೆಗೆಯುವಾಗ ಎದ್ದು ಹೋಗುವವರಾದರು. ಕೊರೋನಾ ಕಾಲದಲ್ಲಿ ಊರಿಗೆ ಊರೇ ಮಾಸ್ಕನ್ನು ಬೈದುಕೊಳ್ಳುತ್ತಿದ್ದಾಗ, ಅದನ್ನು ಹಾಕಿಕೊಂಡು ಪೇಟೆಯಲ್ಲಿ ನೆಮ್ಮದಿಯಿಂದ ಓಡಾಡಿದವರು ಅವರು.

ಚರ್ಮದ ಕೆಳಗೆ ನಡೆಯುವುದು

ರೈನೋಫೈಮಾ ತಾನಾಗಿ ಬರುವ ಪ್ರತ್ಯೇಕ ಕಾಯಿಲೆಯಲ್ಲ, ರೊಸೇಸಿಯಾ ಎಂಬ ದೀರ್ಘಕಾಲದ ಚರ್ಮದ ತೊಂದರೆಯ ಒಂದು ರೂಪ. ರೊಸೇಸಿಯಾ ಇರುವವರ ಮುಖದ ನಡುಭಾಗದ ರಕ್ತನಾಳಗಳು ಬಿಸಿಲು, ಸೆಕೆ, ಬಿಸಿ ಪಾನೀಯ, ಖಾರ, ಮದ್ಯ, ಮನಸ್ಸಿನ ಉದ್ವೇಗ ಇವುಗಳಿಗೆಲ್ಲ ಅತಿಯಾಗಿ ಸ್ಪಂದಿಸಿ ಹಿಗ್ಗುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆಯೂ ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ. ಎಲ್ಲರ ಮುಖದ ಚರ್ಮದಲ್ಲೂ ವಾಸಿಸುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ಇಂಥವರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವುದೂ ಉಂಟು. ಉರಿಯೂತ ವರ್ಷಗಟ್ಟಲೆ ಉಳಿದ ಕೆಲವರಲ್ಲಿ ಮೂಗಿನ ಚರ್ಮದ ಎಣ್ಣೆಗ್ರಂಥಿಗಳು ದೊಡ್ಡವಾಗುತ್ತವೆ, ಅವುಗಳ ಸುತ್ತ ನಾರಿನಂಥ ಅಂಗಾಂಶ ಕೂಡಿಕೊಳ್ಳುತ್ತದೆ, ರಂಧ್ರಗಳು ಅಗಲವಾಗಿ ಚರ್ಮ ಕಿತ್ತಳೆ ಸಿಪ್ಪೆಯಂತೆ ಕಾಣತೊಡಗುತ್ತದೆ. ಬೆಳೆಯುವುದೆಲ್ಲ ಚರ್ಮದ ಪದರದಲ್ಲೇ. ಒಳಗಿನ ಮೂಳೆ ಮತ್ತು ಮೃದ್ವಸ್ಥಿ ಸಾಮಾನ್ಯವಾಗಿ ಇದ್ದಂತೆಯೇ ಇರುತ್ತವೆ. ಈ ಒಂದು ಸಂಗತಿಯ ಮೇಲೆಯೇ ಮುಂದಿನ ಶಸ್ತ್ರಚಿಕಿತ್ಸೆಯೆಲ್ಲ ನಿಂತಿದೆ.

ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ರೊಸೇಸಿಯಾ ಹೆಂಗಸರಲ್ಲೂ ಧಾರಾಳವಾಗಿ ಕಂಡುಬಂದರೂ ಮೂಗು ಹೀಗೆ ದಪ್ಪವಾಗುವುದು ಬಹುಮಟ್ಟಿಗೆ ಗಂಡಸರಲ್ಲಿ, ಅದೂ ಐವತ್ತು ದಾಟಿದವರಲ್ಲಿ. ಇದರಲ್ಲಿ ಗಂಡು ಹಾರ್ಮೋನುಗಳ ಪಾಲಿರಬಹುದೆಂಬುದು ವೈದ್ಯರ ಅನುಮಾನ. ಗಲ್ಲ, ಹಣೆ, ಕಿವಿ, ಕಣ್ಣರೆಪ್ಪೆಗಳಲ್ಲೂ ಇಂಥದೇ ಬೆಳವಣಿಗೆ ಅಪರೂಪಕ್ಕೆ ಆಗುತ್ತದೆ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ರೊಸೇಸಿಯಾ ಗುರುತಿಸುವ ಕ್ರಮವನ್ನು ಪರಿಷ್ಕರಿಸಿದಾಗ, ಚರ್ಮ ಹೀಗೆ ದಪ್ಪವಾಗಿದ್ದರೆ ಅದೊಂದೇ ಲಕ್ಷಣ ಸಾಕು, ಬೇರೆ ಲಕ್ಷಣಗಳಿಗಾಗಿ ಕಾಯಬೇಕಿಲ್ಲ ಎಂದು ಹೇಳಿತು. ನಮ್ಮಂಥ ಕಂದು ಚರ್ಮದವರಿಗೆ ಈ ಮಾತು ಬಹಳ ಮುಖ್ಯ. ಪಠ್ಯಪುಸ್ತಕದ ಚಿತ್ರಗಳಲ್ಲಿ ಬಿಳಿ ಕೆನ್ನೆಯ ಮೇಲೆ ಎದ್ದು ಕಾಣುವ ಕೆಂಪು ನಮ್ಮ ಚರ್ಮದಲ್ಲಿ ಮಸುಕಾಗಿಬಿಡುತ್ತದೆ. ಬಿಸಿಲಿಗೆ ಕಪ್ಪಾಯಿತು ಎಂದೋ ಮೊಡವೆ ಎಂದೋ ಅದು ಲೆಕ್ಕಕ್ಕೆ ಸೇರಿ, ಮೂಗು ಆಕಾರ ಕೆಟ್ಟ ಮೇಲೆಯೇ ಕಾಯಿಲೆಯ ಹೆಸರು ಹೊರಗೆ ಬರುತ್ತದೆ.

ಇನ್ನು ಕುಡಿತದ ಮಾತು. ಇಂಗ್ಲಿಷಿನಲ್ಲೂ ಇಂಥ ಮೂಗನ್ನು ವಿಸ್ಕಿ ಮೂಗು, ರಮ್ ಮೂಗು ಎಂದು ಕರೆಯುತ್ತ ಬಂದಿದ್ದಾರೆ, ಆದ್ದರಿಂದ ಈ ಊಹೆ ನಮ್ಮ ಊರಿನದು ಮಾತ್ರವಲ್ಲ. ಮದ್ಯ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೊದಲೇ ರೊಸೇಸಿಯಾ ಇರುವವರ ಮುಖ ಅದರಿಂದ ಇನ್ನಷ್ಟು ಕೆಂಪೇರುತ್ತದೆ, ಅದು ನಿಜ. ಆದರೆ ರೈನೋಫೈಮಾಕ್ಕೆ ಮದ್ಯವೇ ಕಾರಣ ಎಂಬುದು ಸಾಬೀತಾಗಿಲ್ಲ. ಜನ್ಮದಲ್ಲಿ ಒಂದು ತೊಟ್ಟೂ ಮುಟ್ಟದವರಿಗೆ ಇದು ಬರುತ್ತದೆ, ದಿನವೂ ಕುಡಿಯುವ ಬಹುಪಾಲು ಜನರಿಗೆ ಬರುವುದಿಲ್ಲ. ಅಮೆರಿಕದ ಬ್ಯಾಂಕರ್ ಜೆ. ಪಿ. ಮಾರ್ಗನ್ ಅವರಿಗೆ ಇದೇ ತೊಂದರೆ ತೀವ್ರವಾಗಿತ್ತು. ತನ್ನ ಕಾಲದ ಅತಿ ಶ್ರೀಮಂತರಲ್ಲಿ ಒಬ್ಬನಾಗಿದ್ದ ಆ ಮನುಷ್ಯ ಫೋಟೋಗಳನ್ನು ದ್ವೇಷಿಸುತ್ತಿದ್ದರು, ಹೊರಗೆ ಬಿಡುವ ಚಿತ್ರಗಳಲ್ಲಿ ಮೂಗನ್ನು ತಿದ್ದಿಸುತ್ತಿದ್ದರು. ಅಷ್ಟು ಹಣ ಮತ್ತು ಅಧಿಕಾರವಿದ್ದವರನ್ನೇ ಕ್ಯಾಮೆರಾದಿಂದ ಓಡಿಸಿದ ನಾಚಿಕೆ, ತಿಂಗಳ ಪಿಂಚಣಿಯಲ್ಲಿ ಬದುಕುವ ಮೇಷ್ಟ್ರೊಬ್ಬರನ್ನು ಮನೆಯೊಳಗೆ ಕೂರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಟಲಿಯ ಘಿರ್ಲಾಂಡಾಯೊ ಸುಮಾರು 1490ರಲ್ಲಿ ಬರೆದ ಒಂದು ಚಿತ್ರವಿದೆ. ಕೆಂಪು ಬಟ್ಟೆಯ ವೃದ್ಧರೊಬ್ಬರು, ಅವರ ಎದೆಯ ಮೇಲೆ ಕೈಯಿಟ್ಟು ಅವರ ಮುಖವನ್ನೇ ನೋಡುತ್ತಿರುವ ಪುಟ್ಟ ಹುಡುಗ. ವೃದ್ಧರ ಮೂಗಿನ ಒಂದೊಂದು ಗಂಟನ್ನೂ ಚಿತ್ರಕಾರ ಮರೆಮಾಚದೆ ಬರೆದಿದ್ದಾನೆ. ಚರ್ಮರೋಗದ ಲೇಖನಗಳಲ್ಲಿ ರೈನೋಫೈಮಾದ ಪ್ರಸ್ತಾಪ ಬಂದಾಗ ಈ ಚಿತ್ರ ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. ನಾನು ಅದನ್ನು ಫೋನಿನಲ್ಲಿ ದೊಡ್ಡಪ್ಪನಿಗೆ ತೋರಿಸಿದಾಗ ಅವರು ಮೂಗನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿ, "ಐನೂರು ವರ್ಷದ ಹಿಂದೆಯೂ ಇತ್ತು ಅನ್ನು" ಎಂದರು. ತನ್ನೊಬ್ಬನಿಗೇ ಬಂದದ್ದಲ್ಲ ಎಂಬ ಸಮಾಧಾನ ಆ ಮಾತಿನಲ್ಲಿತ್ತು. ಔಷಧಿ ಶುರುವಾಗುವ ಮೊದಲೇ ಅವರಿಗೆ ಬೇಕಾಗಿದ್ದದ್ದು ಅದು ಎಂದು ನನಗೆ ಆಗ ಅನ್ನಿಸಿತು.

ಶಿವಮೊಗ್ಗದ ಆ ಮಧ್ಯಾಹ್ನ

ಚರ್ಮರೋಗ ತಜ್ಞರ ಬಳಿ ಹೋಗಲು ಅವರನ್ನು ಒಪ್ಪಿಸಿದ್ದು ಮೂಗಿನ ಆಕಾರವಲ್ಲ, ಉಸಿರು. ಮೂಗಿನ ಹೊಳ್ಳೆಗಳು ಭಾರವಾಗಿ, ಮಲಗಿ ಉಸಿರೆಳೆದಾಗ ಒಳಕ್ಕೆ ಕುಸಿದು ದಾರಿ ಮುಚ್ಚುತ್ತಿದ್ದವು, ರಾತ್ರಿ ಬಾಯಿಯಲ್ಲಿ ಉಸಿರಾಡಿ ಗಂಟಲು ಒಣಗಿ ಏಳುತ್ತಿದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುಡಿತದ ಪ್ರಶ್ನೆಯನ್ನು ಅವರು ಮೊದಲು ಕೇಳಲಿಲ್ಲ. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ಹುಬ್ಬಿನ ಹೊರತುದಿಯಲ್ಲಿ ಕೂದಲಿದೆಯೇ ಎಂದು ನೋಡಿದರು, ಎರಡೂ ಕಿವಿಯ ಹಾಲೆಗಳನ್ನು ಬೆರಳಿನಲ್ಲಿ ಹಿಡಿದು ನೋಡಿದರು, ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿದರು, ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಕೆನ್ನೆ ಕೈಗಳನ್ನು ಅಲ್ಲಲ್ಲಿ ಮುಟ್ಟಿ, ಮುಟ್ಟಿದಾಗಲೆಲ್ಲ ಹೇಳಿ ಎಂದರು. ದೊಡ್ಡಪ್ಪನಿಗೆ ಈ ಪರೀಕ್ಷೆ ಯಾವುದಕ್ಕೆಂದು ಗೊತ್ತಿತ್ತು. ಹಿಂದೆ ಶಾಲೆಗಳಲ್ಲಿ ಕುಷ್ಠರೋಗದ ತಪಾಸಣೆಗೆ ಬಂದವರು ಮಕ್ಕಳಿಗೆ ಮಾಡುತ್ತಿದ್ದುದನ್ನು ಅವರು ಕಂಡಿದ್ದರು. ಅವರ ಮುಖ ಇಳಿಯಿತು. "ಅದೇನಾದರೂ...?" ಎಂದರು. "ಅದಲ್ಲ ಅಂತ ಖಚಿತ ಮಾಡಿಕೊಳ್ಳುತ್ತಿದ್ದೇನೆ ಮೇಷ್ಟ್ರೇ, ಅದಲ್ಲ" ಎಂದು ಅವರು ಮೃದುವಾಗಿಯೇ ಹೇಳಿದರು.

ನಮ್ಮ ದೇಶದಲ್ಲಿ ಈ ಎಚ್ಚರ ಬೇಕೇ ಬೇಕು. ಕುಷ್ಠದ ಒಂದು ಬಗೆಯಲ್ಲಿ ಮೂಗು ಕಿವಿಗಳ ಚರ್ಮ ದಪ್ಪವಾಗಿ ಗಂಟುಗಳೇಳುತ್ತವೆ. ಚರ್ಮದ ಕ್ಷಯ, ದೇಹದ ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳನ್ನು ಎಬ್ಬಿಸುವ ಸಾರ್ಕಾಯ್ಡೋಸಿಸ್ ಮೊದಲಾದವೂ ಮೂಗನ್ನು ಕೆಂಪಾಗಿ ಊದಿಸಬಲ್ಲವು. ದಕ್ಷಿಣ ಕನ್ನಡದಂಥ ಕಡೆ ಕೆರೆಕುಂಟೆಗಳ ನೀರಿನ ಸಂಪರ್ಕವಿರುವವರಲ್ಲಿ ಕಂಡುಬರುವ ರೈನೋಸ್ಪೊರಿಡಿಯೋಸಿಸ್ ಹೆಸರಿನಲ್ಲಿ ಹತ್ತಿರವಾದರೂ ಬೇರೆಯೇ ಸೋಂಕು. ಅದರಲ್ಲಿ ಮೂಗಿನ ಒಳಗೆ, ಮುಟ್ಟಿದರೆ ರಕ್ತ ಸುರಿಸುವ ಮಾಂಸ ಬೆಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಪ್ಪಗಾದ ಚರ್ಮದ ಮಡಿಕೆಗಳ ನಡುವೆ ಚರ್ಮದ ಕ್ಯಾನ್ಸರೊಂದು ಅಡಗಿ ಕೂತಿರುವುದು ಅಪರೂಪಕ್ಕಾದರೂ ಉಂಟು. ಒಂದು ಕಡೆ ಮಾತ್ರ ವೇಗವಾಗಿ ಬೆಳೆದರೆ, ವಾಸಿಯಾಗದ ಹುಣ್ಣಾದರೆ, ರಕ್ತ ಜಿನುಗಿದರೆ ಬಯಾಪ್ಸಿ ಮಾಡಿಸಲೇಬೇಕು. ಹೀಗಾಗಿ ಫೋಟೋ ಕಳುಹಿಸಿ ವಾಟ್ಸಾಪಿನಲ್ಲಿ ಔಷಧಿ ಕೇಳುವ ಕಾಯಿಲೆ ಇದಲ್ಲ.

ಕಣ್ಣು ಉರಿಯುತ್ತದೆಯೇ, ಮರಳು ಬಿದ್ದಂತೆ ಆಗುತ್ತದೆಯೇ ಎಂದು ಡಾಕ್ಟರು ಕೇಳಿದಾಗ ನಾವಿಬ್ಬರೂ ಬೆರಗಾದೆವು. ಕಣ್ಣಿಗೆ ಅವರು ವರ್ಷಗಳಿಂದ ಬೇರೆ ಬೇರೆ ಹನಿ ಹಾಕಿಕೊಳ್ಳುತ್ತಲೇ ಇದ್ದರು. ರೊಸೇಸಿಯಾ ಕಣ್ಣರೆಪ್ಪೆಯ ಅಂಚನ್ನೂ ಹಿಡಿಯುತ್ತದೆ ಎಂಬುದು ಆಗ ತಿಳಿಯಿತು. ಮುಖಕ್ಕೆ ಏನು ಹಚ್ಚುತ್ತೀರಿ ಎಂಬುದು ಮುಂದಿನ ಪ್ರಶ್ನೆ. ದೊಡ್ಡಪ್ಪ ಅಂಗಿಯ ಜೇಬಿನಿಂದ ಹಿಂಡಿ ಹಿಂಡಿ ಚಪ್ಪಟೆಯಾದ ಒಂದು ಟ್ಯೂಬ್ ತೆಗೆದು ಮೇಜಿನ ಮೇಲೆ ಇಟ್ಟರು. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರೂ ಬೆರೆತ ಕ್ರೀಮು ಅದು. ಕೆಂಪಿಗೆ ಒಳ್ಳೆಯದು ಎಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟಿದ್ದು. ಹಚ್ಚಿದ ದಿನ ರಕ್ತನಾಳಗಳು ಕುಗ್ಗಿ ಕೆಂಪು ಇಳಿಯುತ್ತದೆ, ಬಿಟ್ಟರೆ ಇಮ್ಮಡಿಯಾಗಿ ಮರಳುತ್ತದೆ, ಆದ್ದರಿಂದ ಬಿಡಲಾಗುವುದಿಲ್ಲ. ಹಚ್ಚುತ್ತ ಹೋದಷ್ಟೂ ಚರ್ಮ ತೆಳುವಾಗಿ, ರೊಸೇಸಿಯಾ ಇಲ್ಲದವರ ಮುಖವೂ ಅದರಂತೆಯೇ ಆಗುತ್ತದೆ. ನಮ್ಮ ದೇಶದ ಚರ್ಮವೈದ್ಯರು ಇದರ ವಿರುದ್ಧ ವರ್ಷಗಳಿಂದ ಕೂಗಿ ಹೇಳುತ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಅಂಗಡಿಯ ಕೌಂಟರಿನಲ್ಲಿ ಮಾತ್ರ ಆ ನಿಯಮ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಔಷಧಿಗೆ ಒಂದು ಕಾಲವಿದೆ

ಮೆಟ್ರೊನಿಡಜೋಲ್ ಜೆಲ್, ಐವರ್ಮೆಕ್ಟಿನ್ ಕ್ರೀಮ್, ಅಜೆಲಾಯಿಕ್ ಆಸಿಡ್, ನುಂಗಲು ಡಾಕ್ಸಿಸೈಕ್ಲಿನ್ ಇವೆಲ್ಲ ರೊಸೇಸಿಯಾದ ಗುಳ್ಳೆ ಮತ್ತು ಉರಿಯೂತವನ್ನು ಹದ್ದುಬಸ್ತಿನಲ್ಲಿಡುತ್ತವೆ. ಮೂಗು ಈಗಷ್ಟೇ ದಪ್ಪವಾಗತೊಡಗಿ ಇನ್ನೂ ಮೆತ್ತಗಿರುವ ಹಂತದಲ್ಲಿ ಐಸೊಟ್ರೆಟಿನೊಯಿನ್ ಮಾತ್ರೆ ಎಣ್ಣೆಗ್ರಂಥಿಗಳನ್ನು ಕುಗ್ಗಿಸಿ ಗಾತ್ರವನ್ನು ಒಂದಿಷ್ಟು ಇಳಿಸಬಲ್ಲದು. ಅದನ್ನು ನುಂಗುವಾಗ ತುಟಿ ಒಣಗುತ್ತದೆ, ಕೊಬ್ಬಿನಂಶ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಬೇಕಾಗುತ್ತದೆ, ಗರ್ಭಿಣಿಯರು ಅದನ್ನು ತೆಗೆದುಕೊಳ್ಳಲೇಬಾರದು. ನಾರಿನ ಅಂಗಾಂಶ ಗಟ್ಟಿಯಾಗಿ ಕೂಡಿಬಿಟ್ಟ ಮೇಲೆ ಈ ಯಾವ ಔಷಧಿಯೂ ಮೂಗನ್ನು ಹಿಂದಿನ ಆಕಾರಕ್ಕೆ ತರಲಾರದು. ಡಾಕ್ಟರು ಇದನ್ನು ವಿವರಿಸುತ್ತಿದ್ದಾಗ ದೊಡ್ಡಪ್ಪ ಏನನ್ನೂ ಕೇಳಲಿಲ್ಲ. ನನಗೆ ಜಗಲಿಯ ಆ ಪ್ರಶ್ನೆ ನೆನಪಾಗಿ ಸಂಕಟವಾಯಿತು. ಔಷಧಿ ಕೆಲಸ ಮಾಡಬಹುದಾಗಿದ್ದ ವರ್ಷಗಳನ್ನೆಲ್ಲ ಅವರು ಜನರ ಕಣ್ಣು ತಪ್ಪಿಸುವುದರಲ್ಲೇ ಕಳೆದಿದ್ದರು. ಡಾಕ್ಟರಿಗೆ ತೋರಿಸಿದರೆ ಅವರೂ ಅದನ್ನೇ ಕೇಳುತ್ತಾರೆ ಎಂಬ ಅಳುಕು ಅವರಲ್ಲಿತ್ತು ಎಂದು ಆಮೇಲೆ ದೊಡ್ಡಮ್ಮ ಹೇಳಿದರು.

ಉಳಿದದ್ದು ಶಸ್ತ್ರಚಿಕಿತ್ಸೆ. ಹೆಚ್ಚಾಗಿ ಬೆಳೆದ ಚರ್ಮವನ್ನು ಪದರಪದರವಾಗಿ ತೆಗೆಯುವುದು ಇದರ ತತ್ತ್ವ. ಅದಕ್ಕೆ ಬ್ಲೇಡ್ ಬಳಸಬಹುದು, ವಿದ್ಯುತ್ತಿನಿಂದ ಕಾಯಿಸಿದ ತಂತಿಯ ಕುಣಿಕೆ ಬಳಸಬಹುದು, ತಿರುಗುವ ಉಜ್ಜುಗಾಲಿ ಬಳಸಬಹುದು, ಕಾರ್ಬನ್ ಡೈಆಕ್ಸೈಡ್ ಲೇಸರ್ ಬಳಸಬಹುದು. ಬ್ಲೇಡಿನಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಲೇಸರಿನಲ್ಲಿ ರಕ್ತ ಕಡಿಮೆ, ಸಮಯ ಮತ್ತು ಖರ್ಚು ಹೆಚ್ಚು. ಯಂತ್ರಕ್ಕಿಂತ ಅದನ್ನು ಹಿಡಿದ ಕೈಯ ಅನುಭವ ದೊಡ್ಡದು ಎಂಬುದು ನಾವು ಕಂಡ ವೈದ್ಯರೆಲ್ಲರ ಮಾತು. ಮಂಗಳೂರಿನಲ್ಲಿ ಸರ್ಜನ್ ಎದುರು ಕೂತಾಗ ದೊಡ್ಡಪ್ಪ ತಮ್ಮ ಗಣಿತದ ಸ್ವಭಾವಕ್ಕೆ ತಕ್ಕಂತೆ, ಎಷ್ಟು ಆಳಕ್ಕೆ ತೆಗೆಯುತ್ತೀರಿ ಎಂದು ಕೇಳಿದರು. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಈ ಆಪರೇಷನ್ ಎಂದರು ಸರ್ಜನ್. ಎಣ್ಣೆಗ್ರಂಥಿಗಳ ತಳಭಾಗವನ್ನು ಉಳಿಸಿದರೆ ಅಲ್ಲಿಂದಲೇ ಹೊಸ ಚರ್ಮ ಹರಡಿಕೊಂಡು ಗಾಯ ಮುಚ್ಚುತ್ತದೆ, ಚರ್ಮ ಕಸಿ ಬೇಕಾಗುವುದಿಲ್ಲ. ಅದನ್ನೂ ದಾಟಿ ಒಳಗೆ ಹೋದರೆ ಗಾಯದ ಕಲೆ ಉಳಿಯುತ್ತದೆ, ಹೊಳ್ಳೆಯ ಅಂಚು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಕೆತ್ತುತ್ತ ಹೋಗುವಾಗ ಮಧ್ಯೆ ಮಧ್ಯೆ ಒತ್ತಿ ನೋಡುತ್ತಾರಂತೆ. ರಂಧ್ರಗಳಿಂದ ಬಿಳಿ ಜಿಡ್ಡು ಇನ್ನೂ ಹೊರಬರುತ್ತಿದ್ದರೆ ಗ್ರಂಥಿಗಳು ಉಳಿದಿವೆ ಎಂದು ಅರ್ಥ. ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ತೆಗೆದು ನಿಲ್ಲಿಸುವವರೇ ಒಳ್ಳೆಯ ಸರ್ಜನ್ ಎಂಬುದು ಆ ಮಾತುಕತೆಯಿಂದ ನನಗೆ ತಿಳಿದದ್ದು.

ಮೂಗಿಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು, ಎಚ್ಚರವಿದ್ದಂತೆಯೇ ಮಾಡಿದರು. ಸೂಜಿ ಚುಚ್ಚಿದ್ದೇ ನೋವು, ಆಮೇಲೆ ಸುಟ್ಟ ಕೂದಲಿನ ವಾಸನೆ ಮಾತ್ರ ಎಂದರು ದೊಡ್ಡಪ್ಪ. ತೆಗೆದ ಅಂಗಾಂಶ ಪರೀಕ್ಷೆಗೆ ಹೋಗಿ, ಅದರಲ್ಲಿ ಕೆಟ್ಟದ್ದೇನೂ ಇಲ್ಲವೆಂಬ ವರದಿ ಬಂತು. ಮನೆಗೆ ಬಂದ ಮೇಲಿನ ದಿನಗಳಿಗೆ ನಮ್ಮನ್ನು ಯಾರೂ ಸರಿಯಾಗಿ ಸಿದ್ಧಗೊಳಿಸಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೂಗು ಪೂರ್ತಿ ಹಸಿ ಗಾಯ. ಹಳದಿ ನೀರು ಜಿನುಗುತ್ತಿತ್ತು, ಕಣ್ಣಿನ ಕೆಳಗೆ ಬಾವು ಇಳಿದಿತ್ತು. ದೊಡ್ಡಮ್ಮ ಬೆಳಿಗ್ಗೆ ಸಂಜೆ ಕೈ ತೊಳೆದು, ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಮೂಗಿನ ಮೇಲೆ ಇಟ್ಟು, ಅಂಟಿದ ಹಕ್ಕಳೆ ತಾನಾಗಿ ಮೆತ್ತಗಾಗುವ ತನಕ ಕಾದು, ಎಳೆಯದೆ, ಬಿಟ್ಟುಕೊಂಡಷ್ಟನ್ನು ಮಾತ್ರ ಒರೆಸಿ ತೆಗೆದು ದಪ್ಪಗೆ ಮುಲಾಮು ಹಚ್ಚುತ್ತಿದ್ದರು. ಒಣಗಲು ಬಿಟ್ಟರೆ ಬೇಗ ವಾಸಿಯಾಗುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ಸಲ್ಲದು, ಗಾಯ ತೇವವಾಗಿದ್ದಷ್ಟೂ ಚರ್ಮ ಚೆನ್ನಾಗಿ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ 2ರಿಂದ 3 ವಾರಗಳಲ್ಲಿ ಹೊಸ ಚರ್ಮ ಮುಚ್ಚಿಕೊಳ್ಳುತ್ತದೆ, ಗುಲಾಬಿ ಬಣ್ಣ ಇಳಿಯಲು ತಿಂಗಳುಗಳು ಬೇಕು. ನಮ್ಮ ಚರ್ಮಕ್ಕೆ ಇನ್ನೊಂದು ಆತಂಕವಿದೆ. ಹೊಸ ಚರ್ಮ ಸುತ್ತಲಿನದಕ್ಕಿಂತ ಬಿಳಿಚಿಕೊಳ್ಳಬಹುದು, ಇಲ್ಲವೇ ಕಪ್ಪಾಗಬಹುದು. ದೊಡ್ಡಪ್ಪನ ಮೂಗಿನ ತುದಿಯಲ್ಲಿ ಅಂಗೈಗೆರೆಯಷ್ಟು ತಿಳಿಬಣ್ಣದ ಪಟ್ಟೆಯೊಂದು ಉಳಿದಿದೆ. ಇದನ್ನು ಆಪರೇಷನ್ನಿಗೆ ಮೊದಲೇ ಕೇಳಿ ತಿಳಿದುಕೊಳ್ಳಬೇಕು, ನಮ್ಮಂಥ ಬಣ್ಣದವರ ಮುಂಚಿನ ಮತ್ತು ನಂತರದ ಫೋಟೋಗಳನ್ನು ತೋರಿಸಲು ಹೇಳಬೇಕು.

ಅಲಂಕಾರದ ಖಾತೆಗೆ

ವಿಮೆಯವರು ಇದು ಸೌಂದರ್ಯಕ್ಕಾಗಿ ಮಾಡಿಸಿಕೊಂಡ ಚಿಕಿತ್ಸೆ ಎಂದು ಹಣ ಕೊಡಲಿಲ್ಲ. ಅಪ್ಪ ಮತ್ತು ನಾನು ಪತ್ರ ಬರೆದೆವು, ಉತ್ತರ ಬದಲಾಗಲಿಲ್ಲ. ಉಸಿರಾಟಕ್ಕೆ ಅಡ್ಡಿಯಿತ್ತು ಎಂಬುದನ್ನು ಕಿವಿ ಮೂಗು ಗಂಟಲು ತಜ್ಞರಿಂದ ಮೊದಲೇ ಬರೆಸಿಟ್ಟು, ಫೋಟೋಗಳೊಡನೆ ಪೂರ್ವಾನುಮತಿ ಕೇಳಿದ್ದರೆ ವಾದಕ್ಕೆ ಬಲವಿರುತ್ತಿತ್ತು ಎಂದು ವೈದ್ಯರೊಬ್ಬರು ಹೇಳಿದರು. ಈ ಹಾದಿಯಲ್ಲಿ ಹೋಗುವವರು ಅದನ್ನು ಮಾಡಿಕೊಳ್ಳಲಿ. ನನಗೆ ನೋವಾದದ್ದು ಹಣಕ್ಕಿಂತ ಆ ಪದಕ್ಕೆ. ಕೆನ್ನೆಯ ಚರ್ಮದಿಂದ ಮೂಗನ್ನು ಮರಳಿ ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆ ವಿವರಿಸುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕೊಯ್ಯಿಸಿಕೊಂಡ ಕಾವಸಜಿ ಎಂಬ ಗಾಡಿಯಾಳಿಗೆ ಪುಣೆಯ ಕಡೆಯ ವೈದ್ಯರು ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಟ್ಟದ್ದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಸಿತು. ಮೂಗು ಹೋದರೆ ಮಾನ ಹೋಯಿತು ಎಂದು ನಂಬಿದ ನಾಡಿನಲ್ಲಿ ಮೂಗನ್ನು ಸರಿಪಡಿಸುವುದು ಮನುಷ್ಯನನ್ನು ಮತ್ತೆ ನಾಲ್ಕು ಜನರ ನಡುವೆ ಕೂರಿಸುವ ಕೆಲಸವಾಗಿತ್ತು. ದೊಡ್ಡಪ್ಪನ ವಿಷಯದಲ್ಲಿ ಆ ಆಪರೇಷನ್ ಮಾಡಿದ್ದೂ ಅದನ್ನೇ.

ತೆಗೆದ ಮೇಲೂ ಇದು ನಿಧಾನವಾಗಿ ಮತ್ತೆ ಬೆಳೆಯಬಹುದು, ಏಕೆಂದರೆ ಒಳಗಿನ ರೊಸೇಸಿಯಾ ಹೋಗಿರುವುದಿಲ್ಲ. ದೊಡ್ಡಪ್ಪ ಜೆಲ್ ಹಚ್ಚುತ್ತಾರೆ, ತೋಟಕ್ಕೆ ಹೋಗುವಾಗ ಸನ್‌ಸ್ಕ್ರೀನ್ ಬಳಿದು ಅಗಲ ಅಂಚಿನ ಟೋಪಿ ಹಾಕುತ್ತಾರೆ, ಕಾಫಿಯನ್ನು ಬಿಡದೆ ಆರಿಸಿ ಕುಡಿಯುತ್ತಾರೆ. ರೊಸೇಸಿಯಾ ಕೆಲವು ಕುಟುಂಬಗಳಲ್ಲಿ ಹರಿದುಬರುವುದುಂಟು. ಅವರ ಮಗನಿಗೆ ಈಗ ನಲವತ್ತು ದಾಟಿದೆ, ಬಿಸಿಲಿಗೆ ಹೋದರೆ ಅವನ ಕೆನ್ನೆಗೂ ಕೆಂಪೇರುತ್ತದೆ, ಮೂಗಿನ ರಂಧ್ರಗಳು ಎದ್ದು ಕಾಣತೊಡಗಿವೆ. ಅವನನ್ನು ಶಿವಮೊಗ್ಗದ ಅದೇ ಡಾಕ್ಟರ ಬಳಿಗೆ ಕರೆದೊಯ್ದವರು ದೊಡ್ಡಪ್ಪನೇ. ಚಿಕಿತ್ಸೆ ಶುರುವಾಗಿದೆ, ಪ್ರತಿ ಸಲ ಹೋದಾಗಲೂ ಡಾಕ್ಟರು ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಅವನ ಮೂಗಿನ ಫೋಟೋ ತೆಗೆದು ಹಿಂದಿನದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಈವರೆಗೆ ಗಾತ್ರದಲ್ಲಿ ವ್ಯತ್ಯಾಸ ಕಂಡಿಲ್ಲ.